ಒಬ್ಬಳೇ ಅಜ್ಜಿ

ನಮ್ಮ ಮನೆಯಲ್ಲಿ ನೆನಪಿಟ್ಟುಕೊಳ್ಳುವ ಕೆಲಸ ಈಗ ನನ್ನದು. ಮೊದಲು ನನ್ನ ಗಂಡ ಸುಬ್ರಮಣಿಯವರದಾಗಿತ್ತು. ನಮ್ಮೂರು ಕೋರಮಂಡಲ್‌ನಲ್ಲಿ ಯಾವ ಮನೆಯ ಸೊಸೆ ಯಾವ ಊರಿನವಳು ಅಂತ ಕೂತಲ್ಲೇ ಹೇಳುತ್ತಿದ್ದವರು, ತಲೆಯೊಳಗಿನ ಗೆಡ್ಡೆ ತೆಗೆಸಿ, ರೇಡಿಯೇಶನ್ ಕರೆಂಟ್ ಇಡಿಸಿಕೊಂಡು ಬಂದ ಮೇಲೆ, ಕುಡಿದ ಲೋಟ ಕೈಯಲ್ಲಿರುವಾಗಲೇ "ಕಾಫಿ ಕೊಡಲ್ವೇನೆ ಶ್ಯಾಮಲ?" ಅನ್ನುತ್ತಾರೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ರಾಧ ಸಮಾಧಾನವಾಗಿ ಹೇಳಿದರು: "ಗೆಡ್ಡೆ ತೆಗೆದ ಮೇಲೆ ಕೆಲವರ ನೆನಪು ಚೇತರಿಸಿಕೊಳ್ಳುತ್ತೆ, ಕೆಲವರದು ಇಲ್ಲ. ಹುಟ್ಟಿನಿಂದ ಬಂದ ಜೀನ್‌ಗಳೂ ಕಾರಣ ಇರಬಹುದು. ಅದನ್ನೇ ಪರೀಕ್ಷೆ ಮಾಡ್ತಿದ್ದೀವಿ. ಹೋಲಿಸಿ ನೋಡೋಕೆ ಅದೇ ಮನೆಯ ಊಟ ಮಾಡೋ, ಆದರೆ ರಕ್ತಸಂಬಂಧ ಇಲ್ಲದ ಒಬ್ಬರು ಬೇಕು. ಹೆಂಡತಿ ಆದರೆ ಆಯ್ತು."

ರಕ್ತ ತೆಗೆಯಲಿ ಅಂತ ನಾನು ಸೀರೆಯ ಸೆರಗು ಸರಿಸಿ ತೋಳು ಚಾಚಿಯೇಬಿಟ್ಟೆ.

"ಇವರ ಕಡೆ ಯಾರಿಗಾದರೂ ಮರೆವು?"

"ಇವರಮ್ಮ ಅಂಜನಮ್ಮಂಗೆ ಐತೆ ಮೇಡಂ. ಒಂದೊಂದ್ಸಲ ಮಗನ್ನೇ ಯಾರಪ್ಪಾ ನೀನು ಅಂತಾರೆ."

"ನಿಮ್ಮ ಕಡೆ?"

"ನಮ್ಮಜ್ಜಿಗೈತೆ. ಅಮ್ಮನ ತಾಯಿಗೆ."

"ಓ, ಎರಡೂ ಕಡೆ ಒಬ್ಬೊಬ್ಬರಿಗೆ..."

"ಇಬ್ರಲ್ಲ ಮೇಡಂ, ಒಬ್ರೇ. ಅದೇ ಅಂಜನಮ್ಮ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಕ್ಕನ ಮಗಳನ್ನೇ ಕಟ್ಕೊಂಡಿರೋದು," ಅಂದರು ನಮ್ಮವರು ಹೆಮ್ಮೆಯಿಂದ. "ಇವಳು ಉಟ್ಟಾಗ ತೊಟ್ಟಿಲು ಒತ್ಕೊಂಡು ಬಂದೋನು ನಾನೇ."

"ಅದೊಂದು ಚೆನ್ನಾಗಿ ನೆನಪೈತೆ ನೋಡು ಮಾವ!" ಅಂದೆ. ಮದುವೆಯಾದ ಮೇಲೂ ನನಗೆ ಅವರು ಮಾವನೇ.

ಡಾಕ್ಟರು ನಗಲಿಲ್ಲ. ನನ್ನ ತೋಳನ್ನು ಮೆಲ್ಲಗೆ ಮಡಚಿಸಿದರು. ಹೋಲಿಕೆಗೆ ನಾನು ಆಗುವುದಿಲ್ಲವಂತೆ. ಮಾವನಲ್ಲಿರುವ ಜೀನ್ ನನ್ನಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೂ ಮರೆವು ಬಂದೇ ಬರುತ್ತದೆ ಅಂತಿಲ್ಲ. ಇಲ್ಲದಿದ್ದರೆ ಬರುವುದೇ ಇಲ್ಲ ಅಂತಲೂ ಇಲ್ಲ. "ನಿಮಗೆ ತಿಳ್ಕೋಬೇಕು ಅನ್ನಿಸಿದರೆ ಬೇರೆಯಾಗಿ ನೋಡೋಣ," ಅಂದರು. ಮುಂದಿನ ಸಲ ಹೇಳ್ತೀನಿ ಅಂದು ಎದ್ದೆ.

ರೈಲಿನುದ್ದಕ್ಕೂ ಅದೇ ತಲೆಯಲ್ಲಿ ಸುತ್ತಿತು. ನಾನೂ ಮರೆತರೆ ಮಾವನನ್ನು ನೆನಪಿಟ್ಟುಕೊಳ್ಳುವವರು ಯಾರು? ಹೋದ ವಾರ ಗ್ಯಾಸ್ ಆರಿಸದೆ ಹಾಲು ತರಲು ಹೋಗಿದ್ದೆನಲ್ಲ, ಅದು ಆಯಾಸವೋ, ಅಜ್ಜಿಯ ಪಾಲೋ?

ಬಂಗಾರಪೇಟೆಯಲ್ಲಿ ಇಳಿದು ತವರಿಗೆ ಹೋದೆವು. ಅಮ್ಮ ಇರುವುದು ಅಜ್ಜಿಯ ಜೊತೆಗೇ, ಹಾಗಾಗಿ ಅದು ಮಾವನಿಗೂ ತವರೇ. ಅಜ್ಜಿ ಜಗಲಿಯಲ್ಲಿದ್ದಳು.

"ಉಂಡ್ಯೇನಪ್ಪಾ?"

"ಉಂಡೆ ಕಣಮ್ಮ. ನೀನುಂಡ್ಯಾ?"

"ಉಂಡೆ. ನೀನು?"

ಇಬ್ಬರೂ ಉಂಡಿರಲಿಲ್ಲ. ಹೀಗೇ ಹತ್ತಾರು ಸಲ ಕೇಳಿಕೊಂಡರು, ಒಬ್ಬರಿಗೂ ಬೇಸರವಿಲ್ಲ. ಕೊಟ್ಟಿಗೆಯಿಂದ ಹಾಲಿನ ಕ್ಯಾನ್ ಹಿಡಿದು ಬಂದ ನಮ್ಮಮ್ಮ ಗಂಗರತ್ನಮ್ಮ, "ಚೆಂದಾಗ್ ಸೇರ್ದ್ರು ತಾಯಿ ಮಗ!" ಅಂತ ನಕ್ಕಳು.

ಮುದ್ದೆ ಉಂಡಾದ ಮೇಲೆ ಮಾವ ಕೇಳಿದರು, "ಗುಳಿಗೆ ಕೊಟ್ಯೇನೆ?"

ಕೊಟ್ಟೆನೋ ಇಲ್ಲವೋ ನನಗೇ ನೆನಪಾಗಲಿಲ್ಲ. ಗುಳಿಗೆಯ ಸ್ಟ್ರಿಪ್ ತೆಗೆದು ನೋಡಿದೆ. ಒಂದು ಗುಳಿ ಖಾಲಿಯಿತ್ತು, ಅದು ಈಗಿನದೋ ನಿನ್ನೆಯದೋ ಗೊತ್ತಾಗಲಿಲ್ಲ.

"ಕೊಟ್ಲು ಕಣೋ, ನಾನೇ ನೋಡ್ದೆ," ಅಂದಳು ಅಜ್ಜಿ.

"ಇಲ್ಲ ಕಣಮ್ಮ," ಅಂದರು ಮಾವ.

"ನಾನು ಒಳಗಿದ್ನಲ್ಲೇ," ಅಂದಳು ಅಮ್ಮ.

ಆಗಲೇ ನಿರ್ಧಾರವಾಯಿತು. ಮುಂದಿನ ಸಲ ಹೋದಾಗ ನನ್ನ ರಕ್ತವನ್ನೂ ಕೊಡಬೇಕು. ಇದನ್ನು ಯಾರಿಗಾದರೂ ಹೇಳಿಟ್ಟಿರೋಣ, ನೆನಪಿಸಲಿ ಅಂತ ಸುತ್ತ ನೋಡಿದೆ. ಮಗ, ಮಗಳು, ಮೊಮ್ಮಗಳು. ಅಲ್ಲಿದ್ದವರೆಲ್ಲ ಅಜ್ಜಿಯ ರಕ್ತದವರೇ.