ಸೊಂಟದ ಮೇಲಿನ ಕೈ

"ಇನ್ನೊಂದ್ ರೊಟ್ಟಿ ಆಕುಸ್ಕಳಿ," ಎನ್ನುತ್ತ ಕೆಂಪಲಕ್ಷ್ಮಮ್ಮ ಅಳಿಯನ ತಟ್ಟೆಗೆ ಬಿಸಿ ಅಕ್ಕಿರೊಟ್ಟಿ ಹಾಕಿ, ಮಗು ನೋಡಲು ಬಂದಿದ್ದ ಪಕ್ಕದ ಮನೆಯ ಲತಾಮಣಿಯ ಕಡೆ ತಿರುಗಿದರು. "ಅಳಿಯ ಅಂದ್ರೆ ಇಂಗಿರ್ಬೇಕು ಕಣೇ. ನನ್ ಮಗಳು ನೋವು ತಿನ್ನೋವಾಗ ನಾಕ್ ಗಂಟೆ ಸೊಂಟ ಒತ್ಕಂಡು ಕುಂತವ್ರೆ. ಒಂದ್ ಗಳಿಗೆ ಕೈ ತಗೀನಿಲ್ವಂತೆ."

"ನಮ್ಮನೇರು ಆಸ್ಪತ್ರೆ ಗೇಟ್ ತಾವ ಬೀಡಿ ಸೇದ್ಕಂಡು ನಿಂತಿದ್ರು, ಅಷ್ಟೇಯ," ಎಂದು ಲತಾಮಣಿ ನಕ್ಕಳು. ನಗುತ್ತಲೇ ಲೋಕೇಶನ ಬಲಗೈಯನ್ನು ಒಮ್ಮೆ ನೋಡಿದಳು. ರೊಟ್ಟಿ ಮುರಿಯುತ್ತಿದ್ದ ಕೈ ತಟ್ಟೆಯ ಮೇಲೆ ಸುಮ್ಮನೆ ನಿಂತಿತು.

ಲೋಕೇಶ ಜಾವಗಲ್ಲಿನಲ್ಲಿ ಲೈನ್‌ಮನ್. ಮಳೆಗಾಳಿಯಲ್ಲಿ ಕಂಬ ಹತ್ತಿ ತಂತಿ ಎಳೆಯುವವನು. ಹೆಂಡತಿ ದಿವ್ಯಶ್ರೀ ಹೆರಿಗೆಯಾಗಿ ಹಳೇಬೀಡಿನ ತವರಿನಲ್ಲಿದ್ದಳು. ಬೈಕಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಈ ಇಪ್ಪತ್ತೊಂಬತ್ತು ದಿನಗಳಲ್ಲಿ ಅವನು ಬಂದಿದ್ದು ಮೂರೇ ಸಲ. ತೆಂಗಿನಮರ ಲೈನಿನ ಮೇಲೆ ಬಿದ್ದಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಮೊನ್ನೆ ದಿವ್ಯ, "ಭಾನುವಾರ ಪುಷ್ಪಕ್ಕ ಬರ್ತಾರೆ. ಆವತ್ತಾದ್ರೂ ಮರ ಬೀಳ್ದೆ ಇರ್ಲಿ," ಎಂದು ಫೋನಿಟ್ಟಿದ್ದಳು.

ಪುಷ್ಪಕ್ಕ ಎಂದರೆ ಅರಸೀಕೆರೆಯ ಪುಷ್ಪಲತಾ. ಹಿಂದೆ ನರ್ಸ್ ಆಗಿದ್ದವರು, ಈಗ ಡೌಲಾ. ಆ ಪದ ಕೆಂಪಲಕ್ಷ್ಮಮ್ಮನ ನಾಲಿಗೆಗೆ ಹೊರಳಲಿಲ್ಲ. "ಸೂಲಗಿತ್ತಿಯಾ?" ಎಂದು ಕೇಳಿದ್ದರು. "ಅಲ್ಲಮ್ಮ, ಮಗು ಹಿಡಿಯೋಕೆ ಡಾಕ್ಟ್ರಿದ್ದಾರೆ, ಸೂಜಿ ಹಾಕೋಕೆ ನರ್ಸಿದ್ದಾರೆ. ಹೆರೋಳ ಜೊತೆ ಇರೋಕೆ ಯಾರೂ ಇರಲ್ಲ. ನಾನು ಅದಕ್ಕೆ," ಎಂದಿದ್ದರು ಅವರು. ದಿವ್ಯಳ ಅಕ್ಕ ಶಿಲ್ಪಶ್ರೀ ಮೊದಲ ಹೆರಿಗೆಯಲ್ಲಿ ಹದಿನಾರು ಗಂಟೆ ಒಬ್ಬಳೇ ಗೋಡೆ ನೋಡುತ್ತ ಮಲಗಿದ್ದವಳು. ಆಮೇಲೆ ಎರಡನೆಯದು ಬೇಡವೇ ಬೇಡವೆಂದಳು. ಅದನ್ನು ಕಂಡಿದ್ದ ದಿವ್ಯ, ಬಸುರಿಯೆಂದು ಗೊತ್ತಾದ ವಾರವೇ ಗಂಡನ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು: "ಏನಾದ್ರೂ ಆಗ್ಲಿ, ನನ್ನ ಬಿಟ್ಟು ಹೋಗ್ಬೇಡಿ."

ಆರನೆಯ ತಿಂಗಳಿಂದ ಇಬ್ಬರೂ ಪುಷ್ಪಲತಾರ ಮನೆಗೆ ಹೋಗತೊಡಗಿದರು. ನೋವು ಬಂದಾಗ ಹೇಗೆ ಉಸಿರು ಬಿಡಬೇಕು, ಹೇಗೆ ಮೊಣಕಾಲೂರಿ ಮುಂದಕ್ಕೆ ಬಾಗಬೇಕು ಎಂದು ಆಕೆ ದಿವ್ಯಳಿಗೆ ಹೇಳಿಕೊಟ್ಟರು. ಲೋಕೇಶನಿಗೆ ಒತ್ತಿದರೆ ನೋವು ತಗ್ಗುವ, ಸೊಂಟದ ಕೆಳಗಿನ ಜಾಗ ತೋರಿಸಿ, ಅಂಗೈ ಬುಡದಿಂದ ಒತ್ತುವುದನ್ನು ಕಲಿಸಿದರು. "ನಿಮ್ ಕೈ ಗಟ್ಟಿ ಇದೆ. ದೇವರು ಇದಕ್ಕೇ ಮಾಡಿದ ಹಾಗಿದೆ," ಎಂದಿದ್ದರು. ಅವನು ಹೆಮ್ಮೆಯಿಂದ ದಿಂಬಿನ ಮೇಲೆ ಅಭ್ಯಾಸ ಮಾಡಿದ್ದ.

ಆ ದಿನ ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಹನ್ನೊಂದೂವರೆಯವರೆಗೆ ಎಲ್ಲ ಕಲಿತ ಹಾಗೆಯೇ ನಡೆಯಿತು. ಮಂಚಕ್ಕೆ ತಲೆಯಾನಿಸಿ, ಮೊಣಕಾಲೂರಿ, ಕಣ್ಣು ಮುಚ್ಚಿದ್ದ ದಿವ್ಯಳ ಹಿಂದೆ ಕೂತು ಅವನು ಒತ್ತಿದ. ಆಮೇಲೊಂದು ನೋವು ಬಂತು. ಅವಳ ಗಂಟಲಿನಿಂದ ಹೊರಟದ್ದು ಅವಳ ದನಿಯಾಗಿರಲಿಲ್ಲ. ತಿರುಗಿ ನೋಡಿದ ಕಣ್ಣಿನಲ್ಲಿ ಅವನ ಗುರುತೇ ಇರಲಿಲ್ಲ. ನೋವು ಇಳಿದಾಗ ಅವನು, "ಬಿಸಿನೀರು ತರ್ತೀನಿ," ಎಂದು ಎದ್ದ. ಪುಷ್ಪಲತಾ ಅವನ ಜಾಗದಲ್ಲಿ ಕೂತರು.

ಬಿಸಿನೀರು ಕಾರಿಡಾರಿನ ಕೊನೆಯಲ್ಲೇ ಇತ್ತು. ಅವನ ಕಾಲು ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಾಗಲೇ ತಾನು ಎಲ್ಲಿದ್ದೇನೆಂದು ಅವನಿಗೆ ತಿಳಿದದ್ದು. ಹತ್ತು ನಿಮಿಷ ಕೂತು ಹೋಗೋಣ ಎಂದುಕೊಂಡ. ಒಂದು ರೈಲು ಬಂದು ಹೋಯಿತು, ಇನ್ನೊಂದು ಬಂತು. ಎದ್ದರೆ ಆ ದನಿ ಮತ್ತೆ ಕೇಳಬೇಕಾಗುತ್ತದೆ ಎನಿಸುತ್ತಿತ್ತು. ನಡುವೆ ಹಸಿವಾಯಿತು. ವಡೆ ಮಾರುವವನನ್ನು ಕರೆದು ಎರಡು ವಡೆ, ಚಟ್ನಿ ತೆಗೆದುಕೊಂಡು ತಿಂದ. ರುಚಿಯಾಗಿತ್ತು. ಆ ರುಚಿ ಈಗಲೂ ನೆನಪಿದೆ.

ಅವನು ಹಿಂತಿರುಗಿದಾಗ ಮೂರೂವರೆ ದಾಟಿತ್ತು. ಕಾರಿಡಾರಿನಲ್ಲಿ ಪುಷ್ಪಲತಾ ಕುರ್ಚಿಯ ಮೇಲೆ ಕೂತು ತಮ್ಮ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಹೆಬ್ಬೆರಳು ಊದಿತ್ತು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ಮುಖ ತೊಳ್ಕೊಂಡು ಒಳಗೆ ಹೋಗಿ," ಎಂದರು, ಅಷ್ಟೆ.

ಒಳಗೆ ದಿವ್ಯ ಅವನ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. "ಈ ಕೈ ಇಲ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ ಕಣ್ರೀ," ಎಂದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ನರ್ಸ್ ಮಗುವನ್ನು ತಂದು ಅವನ ತೋಳಿಗಿಟ್ಟಳು. ಆಡಬೇಕಿದ್ದ ಮಾತು ಅಲ್ಲೇ ಉಳಿಯಿತು. ಮರುದಿನ ಅದು ಇನ್ನೂ ಕಷ್ಟವಾಯಿತು. ವಾರ ಕಳೆಯುವುದರೊಳಗೆ ಅತ್ತೆ, ನೆಂಟರು, ಅಕ್ಕಪಕ್ಕದವರು ಎಲ್ಲರ ಬಾಯಲ್ಲೂ ಆ ನಾಲ್ಕು ಗಂಟೆಯ ಕಥೆ ಓಡಾಡುತ್ತಿತ್ತು.

ಊಟ ಮುಗಿಸಿ ಕೈ ತೊಳೆಯುವಾಗ ಫೋನ್ ಬಂತು. ಪುಷ್ಪಲತಾ ಬಸ್ಸಿಳಿದಿದ್ದರು. ಲೋಕೇಶ ಬೈಕ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ದೇವಸ್ಥಾನ ನೋಡಲು ಬಂದವರ ಬಸ್ಸುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಪುಷ್ಪಲತಾ ಎಳನೀರಿನ ಅಂಗಡಿಯ ನೆರಳಿನಲ್ಲಿ ನಿಂತಿದ್ದರು. ಬೈಕ್ ಹತ್ತಲು ಹೊರಟವರನ್ನು ಅವನು ತಡೆದ.

"ಅಕ್ಕ, ಒಂದ್ ಮಾತು. ಆವತ್ತಿನ ವಿಷ್ಯ ಹೇಳ್ಬೇಡಿ."

"ನಾನು ಹೇಳಲ್ಲ ಲೋಕೇಶ್. ಅದು ನನ್ನ ಮಾತಲ್ಲ."

"ಅವ್ಳು ಖುಷಿಯಾಗವ್ಳೆ. ಸುಮ್ನೆ ಯಾಕೆ..."

"ಆದ್ರೆ ದಿವ್ಯ ನನ್ನ ನೇರವಾಗಿ ಕೇಳಿದ್ರೆ ಸುಳ್ಳೂ ಹೇಳಲ್ಲ," ಎಂದು ಅವರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಕೂತರು.

ಬಾಣಂತಿಯ ಕೋಣೆಯಲ್ಲಿ ಬೆಳ್ಳುಳ್ಳಿಯ, ಹರಳೆಣ್ಣೆಯ ವಾಸನೆ. ಹತ್ತಿಬಟ್ಟೆಯಲ್ಲಿ ಕಿವಿ ಕಟ್ಟಿಕೊಂಡಿದ್ದ ದಿವ್ಯ ಪುಷ್ಪಕ್ಕನನ್ನು ಕಂಡು ಹುಡುಗಿಯ ಹಾಗೆ ನಕ್ಕಳು. ಪುಷ್ಪಲತಾ ಮಗುವಿನ ಕಣ್ಣು, ಹೊಕ್ಕುಳು ನೋಡಿದರು. ಹಾಲು ಸಾಕಾಗುತ್ತಿದೆಯಾ, ನಿದ್ದೆ ಬರುತ್ತಿದೆಯಾ, ಸುಮ್ಮಸುಮ್ಮನೆ ಅಳು ಬರುತ್ತದೆಯಾ ಎಂದು ಕೇಳಿದರು. ಆಮೇಲೆ ಚಾಪೆಯ ಮೇಲೆ ಕೂತು, "ಈಗ ಹೇಳಮ್ಮ. ಮೊದಲ್ನೇ ನೋವಿಂದ ಶುರು ಮಾಡು. ಹೇಳಿ ಮುಗಿಸೋವರೆಗೂ ಯಾರೂ ಬಾಯಿ ಹಾಕೋ ಹಾಗಿಲ್ಲ, ತಿದ್ದೋ ಹಾಗಿಲ್ಲ," ಎಂದರು. ಪ್ರತಿ ಹೆರಿಗೆಯ ನಂತರ ಒಂದು ತಿಂಗಳಿಗೆ ಅವರು ಹೀಗೆ ಬಂದು ಕೂರುತ್ತಿದ್ದರು. ಹೆತ್ತವಳು ತನ್ನ ಹೆರಿಗೆಯನ್ನು ಒಂದು ಸಲ ಪೂರ್ತಿ ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಅದು ಮೈಯೊಳಗೇ ಕೂತುಬಿಡುತ್ತದೆ ಎಂಬುದು ಅವರ ನಂಬಿಕೆ.

ಲೋಕೇಶ ಬಾಗಿಲ ಹತ್ತಿರ ಗೋಡೆಗೊರಗಿ ನಿಂತ.

ದಿವ್ಯ ಹೇಳಿದಳು. ಬೆಳಗಿನ ಜಾವ ನೀರು ಹೋದದ್ದು, ದಾರಿಯುದ್ದಕ್ಕೂ ಕಾರಿನಲ್ಲಿ ಅಪ್ಪ ಧರ್ಮಪ್ಪ ಮಾತಾಡದೆ ಬೆವರಿದ್ದು, ಇಬ್ಬರನ್ನೂ ಇಳಿಸಿ ಊರಿಗೆ ವಾಪಸಾದದ್ದು, ನರ್ಸಿಂಗ್ ಹೋಮಿನ ಹಸಿರು ಪರದೆ. "ಆಮೇಲೆ ಇವ್ರು ಬಿಸಿನೀರು ತರೋಕೆ ಹೋದ್ರು. ಬೇಗ ಬಂದ್ರು ಅಂತ ಕಾಣುತ್ತೆ, ನಂಗೆ ಅಷ್ಟು ನೆನಪಿಲ್ಲ. ಕಣ್ಣು ಬಿಡೋಕೆ ಆಗ್ತಿರ್ಲಿಲ್ಲ. ಆಮೇಲಾಮೇಲೆ ಸಾಕು ಅನ್ನಿಸ್ತು ಅಕ್ಕ. ನಿಜವಾಗ್ಲೂ. ಸತ್ರೂ ಪರವಾಗಿಲ್ಲ, ಇದು ನಿಂತ್ರೆ ಸಾಕು ಅಂತ. ಆಗ ಹಿಂದುಗಡೆ ಆ ಕೈ ಇತ್ತು. ಇವ್ರು ಹೋಗ್ಲಿಲ್ಲ, ಇಷ್ಟಾದ್ರೂ ಇಲ್ಲೇ ಇದಾರೆ ಅಂದ್ಕೊಂಡೆ." ಅವಳು ಮಗುವಿನ ಟೋಪಿ ಸರಿಮಾಡಿದಳು. "ನಮ್ದು ಮದುವೆ ಆಗಿ ಮೂರು ವರ್ಷ. ಆದ್ರೆ ನಂಗೆ ಆವತ್ತೇ ಮದುವೆ ಆದ ಹಾಗಿತ್ತು."

ಪುಷ್ಪಲತಾ ತಲೆ ತಗ್ಗಿಸಿ ಚಾಪೆಯ ಅಂಚನ್ನು ನೋಡುತ್ತಿದ್ದರು. ಲೋಕೇಶನ ಕಡೆ ಒಮ್ಮೆಯೂ ನೋಡಲಿಲ್ಲ. ದಿವ್ಯ ಮಗು ಅತ್ತದ್ದನ್ನು ಹೇಳಿ ಮುಗಿಸಿದ ಮೇಲೆ, ಎಲ್ಲರ ಮನೆಯಲ್ಲೂ ಕೇಳುವ ಹಾಗೆಯೇ ಕೇಳಿದರು: "ಜೊತೆಗಿದ್ದೋರು ಏನಾದ್ರೂ ಹೇಳೋದಿದ್ರೆ ಈಗ ಹೇಳ್ಬಹುದು."

'ಏನೂ ಇಲ್ಲ' ಎನ್ನಲು ಲೋಕೇಶ ತಯಾರಾಗೇ ಇದ್ದ. ಆ ಎರಡು ಪದ ನಾಲಿಗೆಯ ತುದಿಯಲ್ಲಿತ್ತು. ದಿವ್ಯ ಅವನನ್ನು ನೋಡಿ ಮುಗುಳ್ನಕ್ಕಳು. ಆ ನಗುವನ್ನು ಇನ್ನೆಷ್ಟು ವರ್ಷ ಎದುರಿಸಬೇಕು ಎಂದು ಅವನಿಗೆ ಒಮ್ಮೆಗೇ ಹೊಳೆಯಿತು.

"ಆ ಕೈ ನಂದಲ್ಲ ದಿವ್ಯ," ಎಂದ.

ಅವಳಿಗೆ ಅರ್ಥವಾಗಲಿಲ್ಲ. ನಗು ಮುಖದ ಮೇಲೆ ಹಾಗೇ ಇತ್ತು. "ಏನು?"

"ನಾನ್ ಬಿಸಿನೀರಿಗೆ ಅಂತ ಹೋದೋನು ವಾಪಸ್ ಬರ್ಲಿಲ್ಲ. ಮಗು ಹುಟ್ಟಿದ್ಮೇಲೆ ಬಂದೆ."

ದಿವ್ಯ ಪುಷ್ಪಲತಾರ ಕಡೆ ನೋಡಿದಳು. "ನೀವಾ?"

"ಹೂಂ," ಎಂದರು ಅವರು.

"ಎಲ್ಲಿದ್ರಿ?" ಈ ಪ್ರಶ್ನೆ ಗಂಡನಿಗೆ.

"ಸ್ಟೇಷನ್‌ನಲ್ಲಿ. ರೈಲ್ವೆ ಸ್ಟೇಷನ್."

"ಅಷ್ಟೊತ್ತೂ?"

"ಅಷ್ಟೊತ್ತೂ."

"ಏನ್ ಮಾಡ್ತಿದ್ರಿ ಅಲ್ಲಿ?"

"ಕೂತಿದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ ಎನಿಸಿತು. "ವಡೆ ತಿಂದೆ," ಎಂದ. ಕಿವಿಯ ತುದಿಯವರೆಗೂ ಮುಖ ಬಿಸಿಯಾಯಿತು.

ದಿವ್ಯ ಅಳಲಿಲ್ಲ. ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡಳು. "ನೀವ್ಯಾಕೆ ಹೇಳ್ಲಿಲ್ಲ ಅಕ್ಕ?" ಎಂದಳು.

ಪುಷ್ಪಲತಾ ತಲೆಯೆತ್ತಿ ಅವಳನ್ನು ನೋಡಿದರು. "ನೋವಲ್ಲಿ ನೀನು ಇವರ ಹೆಸ್ರು ಹೇಳ್ತಿದ್ದೆ. ಇವರಲ್ಲ ಅಂದ್ರೆ ಇರೋ ಶಕ್ತೀನೂ ಹೋಗಿಬಿಡುತ್ತೆ ಅಂತ ಹೆದರ್ಕೊಂಡೆ. ಅದಕ್ಕೇ ಬಾಯಿ ಬಿಡ್ಲಿಲ್ಲ. ಆಮೇಲೆ ನೀನು ಎಲ್ಲರ ಹತ್ರ ಹೇಳ್ತಾ ಇದ್ದೀಯ ಅಂತ ಗೊತ್ತಾದಾಗ, ನಾನು ಮಾಡಿದ್ದು ಸರಿನಾ ಅಂತ ನನಗೇ ನಾಚಿಕೆ ಆಗೋಕೆ ಶುರುವಾಯ್ತು. ಮುಚ್ಚಿಟ್ಟೋಳು ನಾನೂ ತಾನೆ."

ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ಕೆಂಪಲಕ್ಷ್ಮಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಕೇಶ ಅವರತ್ತ ತಿರುಗಿ, "ಅತ್ತೆ, ನಾನಿರ್ಲಿಲ್ಲ," ಎಂದ.

"ಕೇಳುಸ್ತು ಬುಡಿ," ಎಂದು ಅವರು ತಟ್ಟೆ ಕೆಳಗಿಟ್ಟರು. "ಇದ್ಕೆ ಇಷ್ಟ್ ಯಾಕೆ? ನೀನ್ ಹುಟ್ದಾಗ ನಿಮ್ಮಪ್ಪ ಮೂರ್ ದಿನ ಬುಟ್ಟು ಬಂದ್ರು ಕಣವ್ವ. ಬಂದೋರು ಮೊದ್ಲು ಊಟಕ್ಕೇನೈತೆ ಅಂದ್ರು. ಗಂಡುಸ್ರಿಗೆ ಅದೆಲ್ಲ ತಡ್ಕಳಕಾಗಲ್ಲ. ಕಾಫಿ ತಗಳಿ, ಆರೋಯ್ತದೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಮೊದಲಿನಿಂದ ಗೊತ್ತಿದ್ದ ಲೆಕ್ಕ ಮತ್ತೆ ತಾಳೆಯಾದ ನಿರಾಳವಿತ್ತು. ಬೈದಿದ್ದರೆ ಲೋಕೇಶ ತಡೆದುಕೊಳ್ಳುತ್ತಿದ್ದ. ಇಷ್ಟು ಸುಲಭವಾಗಿ ಸಿಕ್ಕ ಕ್ಷಮೆಗೆ ತಲೆ ಎತ್ತಲಾಗಲಿಲ್ಲ.

"ನೀನು ಸುಮ್ನಿರಮ್ಮ," ಎಂದಳು ದಿವ್ಯ.

ಪುಷ್ಪಲತಾ ಹೊರಡುವಾಗ ದಿವ್ಯ ಅವರ ಬಲಗೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. ಅವರನ್ನು ಬಸ್ಸು ಹತ್ತಿಸುವಾಗ ಲೋಕೇಶ, "ಅಕ್ಕ, ಇನ್ನೇನ್ ಮಾಡ್ಲಿ?" ಎಂದು ಕೇಳಿದ. "ನಂಗೊತ್ತಿಲ್ಲ ಲೋಕೇಶ್. ಇವತ್ತು ಜಾವಗಲ್ಲಿಗೆ ಓಡಿ ಹೋಗ್ಬೇಡಿ," ಎಂದು ಅವರು ಕಿಟಕಿಯಿಂದ ಹೇಳಿದರು.

ಅವನು ಹಿಂತಿರುಗುವಷ್ಟರಲ್ಲಿ ಕೆಂಪಲಕ್ಷ್ಮಮ್ಮ ಮಗಳಿಗೆ ನೀರು ಹಾಕಿ ಮುಗಿಸಿದ್ದರು. ಹಿತ್ತಲ ಕೋಣೆಯಲ್ಲಿ ದಿವ್ಯ ಬಾಗಿಲಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತಿದ್ದಳು. ಒದ್ದೆ ಕೂದಲನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಹರಡಿದ್ದರು. ಬುಟ್ಟಿಯಡಿಗೆ ಕೆಂಡದ ತಟ್ಟೆ. ಅತ್ತೆ ಸಾಂಬ್ರಾಣಿ ಉದುರಿಸುತ್ತಿದ್ದಂತೆ ಒಳಗೆ ಮಗು ಎದ್ದು ಅತ್ತಿತು.

"ನೀವೋಗಿ ಅತ್ತೆ, ನಾನ್ ನೋಡ್ಕತೀನಿ," ಎಂದ ಲೋಕೇಶ.

ಕೆಂಪಲಕ್ಷ್ಮಮ್ಮ ಮಗಳ ಕಡೆ ನೋಡಿದರು. ದಿವ್ಯ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವರು ಬೀಸಣಿಗೆಯನ್ನು ನೆಲದ ಮೇಲಿಟ್ಟು ಒಳಗೆ ಹೋದರು.

ಲೋಕೇಶ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಬೀಸತೊಡಗಿದ. ಹೊಗೆ ಕೂದಲ ಸಂದಿಯಿಂದ ಎದ್ದು ಮೊದಲು ಅವನ ಮುಖಕ್ಕೆ ಬಡಿಯಿತು. ಕಣ್ಣು ಉರಿಯಿತು. ಕಾಲು ಜೋಮು ಹಿಡಿಯಿತು. ಒಳಗೆ ಅಜ್ಜಿಯ ಜೋಗುಳಕ್ಕೆ ಮಗುವಿನ ಅಳು ಸಣ್ಣದಾಗಿ ನಿಂತಿತು. ಕೆಂಡ ಬೂದಿಯಾಗುವವರೆಗೂ ದಿವ್ಯ ತಿರುಗಿ ನೋಡಲಿಲ್ಲ. ಅವನೂ ಎದ್ದು ಹೋಗಲಿಲ್ಲ.