ಹತ್ತೊಂಬತ್ತನೇ ನಳಿಕೆಯ ನೀಲಿ

ಅವಳು ಕುಂಚವನ್ನು ಗಾಜಿನ ಫ್ಲಾಸ್ಕಿನ ಕತ್ತಿನೊಳಗೆ ತೂರಿಸಿ ಉಸಿರು ಬಿಗಿಹಿಡಿದು ತಿರುವುತ್ತಿದ್ದಳು. ಫ್ಲಾಸ್ಕಿನ ಹೊಟ್ಟೆ ಕುಂಬಳಕಾಯಿಯಷ್ಟು, ಕತ್ತು ಎರಡು ಬೆರಳಷ್ಟು. ಕುಂಚ ಏನು ಮಾಡಿದರೂ ತಳ ಮುಟ್ಟುತ್ತಿರಲಿಲ್ಲ. ಹಾಗಾಗಿ ದಿನಾ ಸಂಜೆ ಸೋಪಿನ ಪುಡಿ ಸುರಿದು ನೆನೆಯಲು ಬಿಡುವುದು, ಬೆಳಿಗ್ಗೆ ಗಲಬರಿಸಿ ಚೆಲ್ಲುವುದು.

ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಅವಳಿಗೆ ಈ ಪ್ರಯೋಗಶಾಲೆಯಲ್ಲಿ ಗಾಜು ತೊಳೆಯುವ ಕೆಲಸ ಕೊಡಿಸಿದ್ದು ಅಕ್ಕ. ಅಕ್ಕ ಡಾಕ್ಟರೇಟಿಗಾಗಿ ಒಂದು ಔಷಧಿ ಅಣಬೆಯ ಹಿಂದೆ ಬಿದ್ದಿದ್ದಳು. ಸತ್ತ ಮರದ ಮೇಲೆ ಬೆಳೆಯುವ ಅದು ನೋಡಲು ಸವೆದ ಚಪ್ಪಲಿಯಂತೆಯೇ. ಅದನ್ನು ಪುಡಿಮಾಡಿ ಮದ್ಯಸಾರದಲ್ಲಿ ಕುದಿಸಿ, ಆ ಕಷಾಯವನ್ನು ಫ್ಲಾಸ್ಕಿನಲ್ಲಿ ಬತ್ತಿಸಿ, ಬಿಳಿಪುಡಿ ತುಂಬಿದ ಉದ್ದನೆಯ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಬೇಕು. ಒಂದೊಂದು ಅಂಶವೂ ತನ್ನದೇ ವೇಗದಲ್ಲಿ ಇಳಿದು ಬೇರೆಬೇರೆ ನಳಿಕೆಗೆ ಬೀಳುತ್ತದೆ. ಎರಡು ವರ್ಷ ಆ ಚಪ್ಪಲಿ ಅಣಬೆ ಏನನ್ನೂ ಕೊಡಲಿಲ್ಲ. ಮೂರು ತಿಂಗಳಿಂದೀಚೆಗೆ ಮಾತ್ರ ಅದೃಷ್ಟ ಖುಲಾಯಿಸಿತ್ತು. ಹತ್ತೊಂಬತ್ತನೇ ನಳಿಕೆಗೆ ಇಳಿದದ್ದು ನೇರಳಾತೀತ ಕಿರಣದ ನೇರಳೆ ದೀಪದಡಿ ನೀಲಿಯಾಗಿ ಹೊಳೆಯಿತು, ತಟ್ಟೆಯಲ್ಲಿ ಬೆಳೆಸಿದ ಕ್ರಿಮಿಗಳನ್ನು ಗುಡಿಸಿ ಹಾಕಿತು. ಮತ್ತೆ ಮಾಡಿದರೂ ಅದೇ, ಮೂರನೇ ಸಲವೂ ಅದೇ.

ಅಕ್ಕನ ಪ್ರೊಫೆಸರನ್ನು ಎಲ್ಲರೂ ಬೆನ್ನ ಹಿಂದೆ ದೊಡ್ಡಪ್ಪ ಅನ್ನುತ್ತಿದ್ದರು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೂಗು ತನ್ನದೇ ಅನ್ನುವ ಗಿರಾಕಿ. ಎರಡು ವರ್ಷ ಅಕ್ಕನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಈಗ 'ನಮ್ಮ ಹುಡುಗಿ' ಅನ್ನತೊಡಗಿದ್ದರು. ಆ ನೀಲಿ ವಸ್ತುವಿಗೆ ತಮ್ಮ ಹೆಸರಿನ ಬಾಲವನ್ನೂ ಅಂಟಿಸಿಯಾಗಿತ್ತು. ಅದರ ಬಗೆಗಿನ ಲೇಖನ ಇವತ್ತು ಸಂಜೆ ವಿಜ್ಞಾನ ಪತ್ರಿಕೆಗೆ ಹೊರಡಬೇಕು. ಅದು ಅಚ್ಚಾದರೆ ಅಕ್ಕನಿಗೆ ಡಾಕ್ಟರೇಟು.

ಇದರ ಮಧ್ಯೆ ನಾಲ್ಕು ದಿನದ ಹಿಂದೆ ತಂಗಿ ಒಂದು ಸಂಗತಿ ಕಂಡಿದ್ದಳು. ನಳಿಕೆ ಜೋಡಿಸಿಡಲು ಕತ್ತಲೆಕೋಣೆಗೆ ಹೋದಾಗ ಯಾರೋ ನೇರಳೆ ದೀಪ ಆರಿಸದೆ ಬಿಟ್ಟಿದ್ದರು. ಅದರ ಬೆಳಕಿನಲ್ಲಿ ಅವಳ ಕರವಸ್ತ್ರ ನೀಲಿಯಾಗಿ ಹೊಳೆಯಿತು. ಉಗುರಿನ ಸಂದಿಯೂ ಅಷ್ಟೇ. ಪ್ರಯೋಗಶಾಲೆಯ ಸೋಪು ಮುಗಿದು ಮೂರು ತಿಂಗಳಾಗಿತ್ತು. ಹೊಸದು ತರಿಸುವ ಚೀಟಿ ದೊಡ್ಡಪ್ಪನ ಮೇಜಿನ ಮೇಲೆ ಸಹಿಗಾಗಿ ತಪಸ್ಸು ಮಾಡುತ್ತಿತ್ತು. ಎರಡನೇ ಸಲ ಕೇಳಲು ನಾಚಿಕೆಯಾಗಿ ಅವಳು ಮನೆಯಿಂದಲೇ ಬಟ್ಟೆ ಒಗೆಯುವ ಪುಡಿ ತಂದಿದ್ದಳು. ಬಿಳಿಯನ್ನು ಇನ್ನೂ ಬಿಳಿ ಮಾಡುತ್ತದೆಂದು ಪೊಟ್ಟಣದ ಮೇಲೆ ಬರೆದಿತ್ತು. ಕರವಸ್ತ್ರ ಒಗೆದದ್ದೂ ಅದರಲ್ಲೇ, ಫ್ಲಾಸ್ಕಿನ ತಳದಲ್ಲಿ ಉಳಿಯುತ್ತಿದ್ದದ್ದೂ ಅದೇ.

ಹೇಳಿದರೆ ಅಕ್ಕನ ಡಾಕ್ಟರೇಟು ಮೋರಿಗೆ. ಹೇಳದಿದ್ದರೆ ನಾಳೆ ಇನ್ಯಾರೋ ಅದೇ ಅಣಬೆ ಬೇಯಿಸಿ, ಏನೂ ಸಿಗದೆ, ಅಕ್ಕನ ಮಾನವನ್ನೇ ಬೇಯಿಸುತ್ತಾರೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಖಾಲಿ ಫ್ಲಾಸ್ಕಿಗೆ ಒಂದಿಷ್ಟು ಮದ್ಯಸಾರ ಸುರಿದು ಅಲುಗಾಡಿಸಿದಳು. ಅಕ್ಕ ಮಾಡುವುದನ್ನು ನೋಡಿ ನೋಡಿ ಕೈಗೆ ಗೊತ್ತಿತ್ತು. ಲೇಖನದ ಕೊನೆಯ ಫೋಟೋಗೆಂದು ಅಕ್ಕ ನಳಿಕೆಯ ಹನಿ ಇಟ್ಟು ಒಣಗಿಸಿದ್ದ ಪಟ್ಟಿಯ ಮೇಲೆ, ಹತ್ತೊಂಬತ್ತರ ಪಕ್ಕದಲ್ಲೇ, ಅದರ ಒಂದು ಹನಿ ಇಟ್ಟಳು.

ಊಟ ಮುಗಿಸಿ ಬಂದ ಅಕ್ಕ ದೊಡ್ಡಪ್ಪನ ಮುಂದೆ ಕತ್ತಲೆಕೋಣೆಯಲ್ಲಿ ದೀಪ ಬೆಳಗಿದಾಗ ನೀಲಿ ಚುಕ್ಕೆ ಎರಡಿದ್ದವು.

"ಇದ್ಯಾವುದೇ ಇನ್ನೊಂದು?" ಅಕ್ಕ ಕೇಳಿದಳು.

"ಅದರಲ್ಲಿ ಅಣಬೆ ಇಲ್ಲ ಕಣಕ್ಕ. ತೊಳೆದ ಫ್ಲಾಸ್ಕನ್ನೇ ಅಲುಗಾಡಿಸಿದ್ದು."

ದೊಡ್ಡಪ್ಪ ಖುಷಿಯಾದರು. ಎಷ್ಟು ತೊಳೆದರೂ ಗಾಜು ಬಿಡದ ವಸ್ತುವೆಂದರೆ ಸಾಮಾನ್ಯವೇ, ಇದನ್ನೂ ಲೇಖನಕ್ಕೆ ಸೇರಿಸು ಅಂದರು.

ತಂಗಿ ಕರವಸ್ತ್ರ ಬಿಡಿಸಿ ದೀಪದಡಿ ಹಾಸಿದಳು. ಮೂಲೆಯಿಂದ ಮೂಲೆಗೆ ಹತ್ತೊಂಬತ್ತನೇ ನಳಿಕೆ.

"ಯಾವ ಪುಡಿಯಲ್ಲಿ ತೊಳೀತಿದ್ದೆ?" ಅಕ್ಕನ ದನಿ ಸಣ್ಣಗಾಗಿತ್ತು.

"ಮನೇದು. ಬಟ್ಟೆದು."

"ಯಾವಾಗಿಂದ?"

"ಮೂರು ತಿಂಗಳಿಂದ."

ಅಕ್ಕ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. ದೊಡ್ಡಪ್ಪ ಏನೋ ಹೇಳಲು ದೀಪದ ಹತ್ತಿರ ಬಗ್ಗಿದರು. ಅವರ ಅಂಗಿಯ ಕಾಲರೂ ಝಗ್ಗನೆ ಹೊಳೆಯಿತು. ಅವರ ಮನೆಯಲ್ಲೂ ಅದೇ ಪುಡಿ ಇರಬೇಕು. ಅವರು ಕಾಲರನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು.

ಅಕ್ಕ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಆ ಕತ್ತಲಲ್ಲಿ ತಿಳಿಯುತ್ತಿರಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

"ಯಾರಾದರೂ ಲೈಟ್ ಹಾಕಿ," ಅಕ್ಕ ಅಂದಳು.