ಸಮಪಾಲು

ಎಡಗೆನ್ನೆ ಮುಗಿಸಿ ಕ್ಷೌರದವನು ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದ. ಎಂದಿನಂತೆ “ಅಲುಗಾಡಬೇಡ್ವೋ ಬನ್ನಣ್ಣ” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡ. ಬೇಕರಿಯವನು ಇನ್ನೆಂದೂ ಅಲುಗಾಡುವಂತಿರಲಿಲ್ಲ.

“ನೀಟಾಗಿ ಮಾಡಣ್ಣ,” ಎಂದಳು ಸತ್ತವನ ಹೆಂಡತಿ. “ಗಡ್ಡ ಬಿಟ್ಕೊಂಡು ಒಂದಿನಾನೂ ಒಲೆ ಮುಂದೆ ನಿಂತವರಲ್ಲ.”

“ಲಿವರ್ ಅಂತೆ. ಕುಡೀತಿದ್ನಾ?” ಗೋಡೆಗೊರಗಿದ ಟೈಲರ್ ಪಿಸುಗುಟ್ಟಿದ.

“ಎಲ್ಲೀ ಕುಡಿತ! ಕೆನೆ, ಬೆಣ್ಣೆ. ರುಚಿ ನೋಡ್ತಾ ನೋಡ್ತಾ ಅರ್ಧ ಅಂಗಡೀನೇ ಹೊಟ್ಟೆಗಿಳಿಸಿದ್ದ,” ಎಂದ ಪಕ್ಕದವನು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸಮ್ಮ ಬಂದಳು, ಉಳಿದ ಮಾತ್ರೆ ಒಯ್ಯಲು. “ಒಂದು ದಿನವೂ ತಪ್ಪಿಸಿದವರಲ್ಲಮ್ಮ. ಹೊಸ ಔಷಧಿ ಕೆಲಸ ಮಾಡುತ್ತೋ ಇಲ್ಲವೋ ಅಂತ ಇಂಥವರಿಂದಲೇ ಗೊತ್ತಾಗೋದು.”

ಹೆಂಡತಿಯ ಅತ್ತು ಊದಿದ ಮುಖ ಬೆಳಗಿನಿಂದ ಮೊದಲ ಸಲ ಅರಳಿತು. “ಅದೇ ಅಂತಿದ್ರು. ‘ನನ್ನ ಹೊಟ್ಟೆ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಲಿ ಬಿಡೇ’ ಅಂತ.”

ಕ್ಷೌರದವನ ಕತ್ತಿ ಕೆನ್ನೆಯ ಮೇಲೆ ನಿಂತುಬಿಟ್ಟಿತು.

*

ಬೇಕರಿಯವನು, ಕ್ಷೌರದವನು, ಇಬ್ಬರ ಲಿವರಿನಲ್ಲೂ ಕೊಬ್ಬಿತ್ತು. ಇಬ್ಬರೂ ಜೊತೆಯಾಗಿಯೇ ಆಸ್ಪತ್ರೆಯ ಪ್ರಯೋಗಕ್ಕೆ ಸೇರಿದ್ದರು. ಕೆಲವರ ಡಬ್ಬಿಯಲ್ಲಿ ಹೊಸ ಔಷಧಿ, ಕೆಲವರದರಲ್ಲಿ, ಹೋಲಿಸಿ ನೋಡಲೆಂದು, ಔಷಧಿಯೇ ಇಲ್ಲದ ಮಾತ್ರೆ. ಯಾರದು ಯಾವುದೆಂದು ಡಾಕ್ಟರಿಗೂ ತಿಳಿಯದು.

“ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಆದ್ರೆ?” ಎಂದ ಕ್ಷೌರದವನು, ಸಲೂನಿನ ಬಾಗಿಲು ಅರ್ಧ ಎಳೆದು.

“ಬೆಣ್ಣೆ ಮಾತೆತ್ತಬೇಡ್ವೋ, ಅದರಿಂದಲೇ ಈ ಗತಿ,” ಎಂದು ಬೇಕರಿಯವನು ನಕ್ಕ. ನಗು ಇಳಿದ ಮೇಲೆ ಕೇಳಿದ: “ಮಾತ್ರೆ ಬೆರೆಸೋದು ತಪ್ಪಲ್ವೇನೋ?”

“ಹಂಚ್ಕೊಂಡು ತಿನ್ನೋದು ಯಾವಾಗಿಂದ ತಪ್ಪು?”

ಕತೆಯಲ್ಲಿ ಅಣ್ಣತಮ್ಮಂದಿರು ಮಾಯದ ಹಣ್ಣನ್ನು ಹೋಳು ಮಾಡಿಕೊಂಡಷ್ಟೇ ಸಲೀಸಾಗಿ, ಎರಡೂ ಡಬ್ಬಿಗಳನ್ನು ಪೇಪರಿನ ಮೇಲೆ ಸುರಿದು, ಕವಡೆಯಂತೆ ಕಲಸಿ, ಕ್ಷೌರದವನು ಸಮಪಾಲು ಮಾಡಿದ.

*

ಗೆಳೆಯನ ಮುಖ ಒರೆಸಿ, ಕ್ಷೌರದವನು ಬಾಗಿಲಲ್ಲಿ ನರ್ಸಮ್ಮನನ್ನು ತಡೆದ. “ಅವನದನ್ನ ಲೆಕ್ಕಕ್ಕೆ ಹಿಡೀಬೇಡಿ ತಾಯಿ. ನನ್ನದನ್ನೂ.” ಅವಳ ಚಪ್ಪಲಿ ನೋಡುತ್ತಲೇ ಎಲ್ಲ ಹೇಳಿದ. ಕಿವಿಗಳು ಸುಡುತ್ತಿದ್ದವು. “ಅದರಿಂದಲೇ ಹೋದ್ನಾ?”

ನರ್ಸಮ್ಮ ನುಡಿದಳು. “ಹೌದು ಅನ್ನೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ. ನೀವು ಮಾತ್ರೆ ನಿಲ್ಲಿಸಿ, ನಾಳೆನೇ ಬನ್ನಿ.”

ತಿರುಗಿದರೆ ಹಿಂದೆಯೇ ಗೆಳೆಯನ ಹೆಂಡತಿ.

“ಹಾಗಾದ್ರೆ ಇವರದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಟ್ಟ ಎತ್ತುವ ಹೊತ್ತಾಯಿತು. ಅವನು ಭುಜ ತಗ್ಗಿಸಿ ಮುಂದೆ ಬಂದ.

“ನೀವು ಬೇಡ,” ಎಂದಳು. “ನನ್ನ ತಮ್ಮ ಹಿಡೀತಾನೆ.”

ಬೀದಿಯುದ್ದಕ್ಕೂ ಅವನು ಹೊತ್ತವರ ಪಕ್ಕದಲ್ಲೇ ನಡೆದ. ಏನನ್ನೂ ಹೊರದ ಆ ಒಂದು ಭುಜ, ತಿರುವಿನಲ್ಲಿ ಮರೆಯಾಗುವವರೆಗೂ, ತಗ್ಗಿಯೇ ಇತ್ತು.